ವೈನ್ ಬಾಟ್ಲಿಯ ಅಡಿಯಲ್ಲಿ ಸಿಕ್ಕಿದ ಹುಣಸೆಹುಳಿ

ಹೋದ ಶನಿವಾರ ಮಂಗಳೂರಲ್ಲಿ ನಮ್ಮ ಕ್ಲಬ್ಬಿನ ವೈನ್ ಡಿನ್ನರ್ ಇತ್ತು. ವೈನ್ ಜಾರ್ಜಿಯಾದ್ದು, ಅಮೆರಿಕದ ಜಾರ್ಜಿಯಾ ಅಲ್ಲ, ಕಪ್ಪು ಸಮುದ್ರದ ಆಚೆ ದಡದಲ್ಲಿ ಕಾಕಸಸ್ ಬೆಟ್ಟದ ಬುಡಕ್ಕೆ ಇರುವ ದೇಶ. ಅಲ್ಲಿನ ಕಾಖೇತಿ ಅನ್ನುವ ಕಡೆ ಒಂದು ಮನೆಯವರು ಅಜ್ಜನ ಕಾಲದ ಕ್ರಮದಲ್ಲೇ ಮಣ್ಣಿನ ಹಂಡೆಯಲ್ಲಿ ಮಾಡಿದ್ದು, ನಮ್ಮ ಮೆಂಬರ್ ಒಬ್ಬರು ಅಲ್ಲಿಗೆ ಹೋದವರು ತಂದಿದ್ರು. ಊಟ ಮಾತ್ರ ಪೂರಾ ನಮ್ಮದೇ, ನೀರುದೋಸೆ, ಕಾಣೆ ಮೀನಿನ ಫ್ರೈ, ಬಂಗುಡೆ ಮೀನಿನ ಹುಳಿಖಾರದ ಗಸಿ ಪುಳಿಮುಂಚಿ, ಕೊನೆಗೆ ಕೋಳಿ ಗಸಿ ಜೊತೆ ಕೋರಿ ರೊಟ್ಟಿ.

ಮೊದಲನೇ ಬಾಟ್ಲಿ ಮುಗೀತಾ ಬಂದಾಗ ಬಡಿಸ್ತಾ ಇದ್ದ ಹುಡುಗ ನನ್ನ ಗ್ಲಾಸ್ ಹಿಂದೆ ಎಳ್ಕೊಂಡ, "ಸರ್ ಕುಡೀಬೇಡಿ, ಗಾಜಿನ ಚೂರು ಉಂಟು" ಅಂದ. ನೋಡಿದ್ರೆ ಹೌದು, ಅಡಿಯಲ್ಲಿ ಏಳೆಂಟು ಹರಳು, ಸಕ್ಕರೆಗಿಂತ ಸಣ್ಣದು, ಚಪ್ಪಟೆ, ಲೈಟಿಗೆ ಹಿಡಿದ್ರೆ ಪಳಪಳ ಅಂತದೆ. ಒಂದನ್ನು ತೆಗೆದು ಉಗುರಲ್ಲಿ ಒತ್ತಿದೆ, ಹಿಟ್ಟಿನ ಹಾಗೆ ಪುಡಿ ಆಯ್ತು, ಗಾಜು ಹಾಗೆ ಪುಡಿ ಆಗೋದಿಲ್ಲ, ಅದು ಖಾತ್ರಿ ಆದಮೇಲೇ ನಾಲಗೆಗೆ ಇಟ್ಟದ್ದು. ಹುಳಿ. ಒಳ್ಳೆ ಹುಳಿ.

ಅದು ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಂ ಜೊತೆ ಸೇರಿ ಆದ ಉಪ್ಪು. ಇವೆರಡೂ ದ್ರಾಕ್ಷಿ ರಸದಲ್ಲೇ ಕರಗಿರ್ತವೆ, ಆದ್ರೆ ಸಕ್ಕರೆ ಹೋಗಿ ಆಲ್ಕೋಹಾಲ್ ಜಾಸ್ತಿ ಆದ ಹಾಗೆ ಈ ಉಪ್ಪಿಗೆ ಕರಗಿಕೊಂಡು ಇರ್ಲಿಕ್ಕೆ ಕಷ್ಟ ಆಗ್ತದೆ, ಮೇಲಿಂದ ತಂಪು ತಾಗಿದ್ರೆ ಹರಳು ಕಟ್ಟಿ ಅಡಿಗೆ ಕೂರ್ತದೆ. ನಮ್ಮ ಬಾಟ್ಲಿಗಳು ಹತ್ತು ದಿನ ಕ್ಲಬ್ಬಿನ ಫ್ರಿಜ್ಜಲ್ಲಿ ಇದ್ದವು. ದೊಡ್ಡ ಫ್ಯಾಕ್ಟರಿಗಳಲ್ಲಿ ವೈನನ್ನು ಬಾಟ್ಲಿಗೆ ತುಂಬುವ ಮೊದಲೇ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಸಿ ಈ ಹರಳನ್ನೆಲ್ಲ ಅಲ್ಲೇ ಬೀಳಿಸಿ ಸೋಸಿ ಬಿಡ್ತಾರೆ, ಹಳೇ ಕ್ರಮದವರು ಆ ಕೆಲಸಕ್ಕೆ ಹೋಗೋದಿಲ್ಲ. ಈ ಹರಳಿಗೆ ದೊಡ್ಡ ಚರಿತ್ರೆಯೂ ಉಂಟು. 1848ರಲ್ಲಿ ಲೂಯಿ ಪಾಶ್ಚರ್ ಇದೇ ಆಮ್ಲದ ಇನ್ನೊಂದು ಉಪ್ಪಿನ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಹೆಕ್ಕಿ ಬೇರೆ ಮಾಡಿ, ಅಣುಗಳಲ್ಲೂ ಎಡಗೈ ಬಲಗೈ ಹಾಗೆ ಒಂದಕ್ಕೊಂದು ಕನ್ನಡಿ ಬಿಂಬದಂತಿರುವ ಎರಡು ರೂಪ ಉಂಟು ಅಂತ ತೋರಿಸಿದ್ದು.

ಈಗ ಪುಳಿಮುಂಚಿಗೆ ಬನ್ನಿ. ಅದರ ಹುಳಿ ಹುಣಸೆಹಣ್ಣಿಂದು, ಹುಣಸೆಯಲ್ಲಿ ಇರೋದೂ ಇದೇ ಟಾರ್ಟಾರಿಕ್ ಆಮ್ಲ. ಲಿಂಬೆಯದ್ದು ಸಿಟ್ರಿಕ್, ಸೇಬಿನದ್ದು ಮ್ಯಾಲಿಕ್, ಮೊಸರಿನದ್ದು ಲ್ಯಾಕ್ಟಿಕ್, ನಮ್ಮ ಪುನರ್ಪುಳಿಯದ್ದು ಇನ್ನೊಂದೇ. ಇಷ್ಟು ಟಾರ್ಟಾರಿಕ್ ತುಂಬಿಕೊಂಡ ಹಣ್ಣು ಲೋಕದಲ್ಲಿ ತೀರಾ ಕಮ್ಮಿ, ಅದರಲ್ಲಿ ಎರಡು ನಮ್ಮ ಟೇಬಲ್ ಮೇಲೆ ಪಕ್ಕಪಕ್ಕ ಇತ್ತು, ಒಂದು ಗ್ಲಾಸಲ್ಲಿ ಒಂದು ಗಸಿಯಲ್ಲಿ.

ಜಾರ್ಜಿಯಾದಲ್ಲಿ ವೈನ್ ಎಷ್ಟು ಹಳೇದು ಅಂತ ಗೊತ್ತಾದ್ದೂ ಈ ಆಮ್ಲದಿಂದಲೇ. ಗದಾಚ್ರಿಲಿ ಗೋರಾ ಅನ್ನುವ ದಿಬ್ಬ ಅಗೆದಾಗ ಸಿಕ್ಕಿದ ಮಡಕೆ ಚೂರುಗಳ ಒಳಗೆ ಹೀರಿಕೊಂಡು ಉಳಿದ ಟಾರ್ಟಾರಿಕ್ ಪತ್ತೆಯಾಗಿ, 2017ರಲ್ಲಿ ಪ್ರಕಟ ಆದ ಅಧ್ಯಯನ ಅದನ್ನು ಸುಮಾರು 8000 ವರ್ಷ ಹಿಂದಿನ ವೈನ್ ಅಂತ ಹೇಳಿತು. ಅಲ್ಲಿ ಹುಣಸೆಮರ ಇಲ್ಲ, ಹಾಗಾಗಿ ಈ ಆಮ್ಲ ಸಿಕ್ಕಿದ್ರೆ ದ್ರಾಕ್ಷಿ ಅನ್ನಬಹುದು. ನಮ್ಮ ಕಡೆ ಒಂದು ಹಳೇ ಮಡಕೆ ಚೂರು ಸಿಕ್ಕಿ ಅದೇ ಪರೀಕ್ಷೆ ಮಾಡಿದ್ರೆ ಅದರಲ್ಲಿ ಇದ್ದದ್ದು ವೈನೋ ಮೀನ್ ಗಸಿಯೋ ಅಂತ ಅದೊಂದರಿಂದ ಹೇಳ್ಲಿಕ್ಕೆ ಬರೋದಿಲ್ಲ!

ವೈನ್ ಮಾಡುವ ಆ ಮಣ್ಣಿನ ಹಂಡೆಗೆ ಅಲ್ಲಿ ಕ್ವೆವ್ರಿ ಅಂತಾರೆ, 2013ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಮೊಟ್ಟೆ ಆಕಾರ, ಬುಡ ಚೂಪು, ಒಳಗೆ ಜೇನುಮೇಣ ಬಳಿದು ಬಾಯಿವರೆಗೆ ನೆಲದಲ್ಲಿ ಹೂತಿರ್ತಾರೆ. ಏನೂ ಸೇರಿಸದೆ ಮಾಡಿದ ವೈನ್ ಅಂತ ನಾವು ಸುಲಭದಲ್ಲಿ ಹೇಳಿಬಿಡ್ತೇವೆ, ಆದ್ರೆ ಮೆಷಿನ್ ಮಾಡ್ಬೇಕಾದ ಕೆಲಸ ಅಲ್ಲಿ ಆಕಾರ ಮತ್ತೆ ಮಣ್ಣು ಮಾಡ್ತವೆ, ನನಗೆ ತುಂಬಾ ಇಷ್ಟ ಆದ ವಿಷಯ ಇದೇ. ಒಂದು ಲೀಟರ್ ರಸದಲ್ಲಿ 200 ಗ್ರಾಂ ಸಕ್ಕರೆ ಇದ್ರೆ ಯೀಸ್ಟ್ ಅದನ್ನು ತಿಂದು ಸುಮಾರು 12 ಪರ್ಸೆಂಟ್ ಆಲ್ಕೋಹಾಲ್ ಮಾಡ್ತದೆ, ಜೊತೆಗೆ 50 ಲೀಟರಿನಷ್ಟು ಕಾರ್ಬನ್ ಡೈಆಕ್ಸೈಡ್ ಹೊರಗೆ ಬರ್ತದೆ, ಆ ಗ್ಯಾಸ್ ಸಿಪ್ಪೆಯನ್ನೆಲ್ಲ ಮೇಲೆ ಎತ್ತಿ ಹಿಡೀತದೆ, ದಿನಕ್ಕೆ ನಾಲ್ಕೈದು ಸಲ ಕೋಲಲ್ಲಿ ಒತ್ತಿ ಮುಳುಗಿಸ್ಬೇಕು. ನಮ್ಮ ಪಕ್ಕದ್ಮನೆ ಬಾಯಮ್ಮ ಕ್ರಿಸ್ಮಸ್‌ಗೆ ಮನೆಯಲ್ಲಿ ವೈನ್ ಮಾಡುವಾಗ ಭರಣಿಗೆ ಬಟ್ಟೆ ಮಾತ್ರ ಕಟ್ಟಿ ದಿನಾ ಮರದ ಸೌಟಲ್ಲಿ ತಿರುವೋದು ಇದಕ್ಕೇ. ಗಲಾಟೆ ಎಲ್ಲ ಅಡಗಿದ ಮೇಲೆ ಬೀಜ ಮೊದಲು ಆ ಚೂಪು ಬುಡಕ್ಕೆ ಇಳೀತದೆ, ಅದರ ಮೇಲೆ ಸಿಪ್ಪೆ ಮುಚ್ಚಿಕೊಳ್ತದೆ, ಹಾಗಾಗಿ ಬೀಜದ ಕಹಿ ವೈನಿಗೆ ಜಾಸ್ತಿ ಇಳಿಯೋದಿಲ್ಲ. ಹುದುಗುವಾಗ ಬರುವ ಬಿಸಿಯನ್ನು ಸುತ್ತಲಿನ ಮಣ್ಣು ಎಳ್ಕೊಳ್ತದೆ. ಕೆಲವು ಮೀಟರ್ ಆಳದ ಮಣ್ಣು ಹೆಚ್ಚುಕಡಿಮೆ ಆ ಊರಿನ ಇಡೀ ವರ್ಷದ ಸರಾಸರಿ ಬಿಸಿಯಲ್ಲೇ ಇರ್ತದೆ, ಮಂಗಳೂರಲ್ಲಿ ಅದು 27 ಡಿಗ್ರಿ ಆಸುಪಾಸು, ಹಾಗಾಗಿ ಇಲ್ಲಿ ಹೂತ್ರೆ ಆ ತಂಪು ಸಿಗೋದಿಲ್ಲ.

ನಾವು ಮೊದಲು ಕುಡಿದದ್ದು ರ್ಕಾತ್ಸಿತೆಲಿ ಅನ್ನುವ ಬಿಳಿ ದ್ರಾಕ್ಷಿದ್ದು, ಆದ್ರೆ ತಿಂಗಳುಗಟ್ಟಲೆ ಸಿಪ್ಪೆ ಜೊತೆ ಇದ್ದ ಕಾರಣ ಬಣ್ಣ ಹಳೇ ಜೇನಿನದ್ದು, ಬಾಯಲ್ಲಿ ಒಗರು. ಗೇರುಹಣ್ಣು ಕಚ್ಚಿದಾಗ ನಾಲಗೆ ಹಿಡಿದ ಹಾಗೆ ಆಗ್ತದಲ್ಲ, ಅದೇ ಟ್ಯಾನಿನ್. ಅದು ಎಂಜಲಿನ ಪ್ರೋಟೀನನ್ನು ಕಟ್ಟಿಹಾಕ್ತದೆ, ಜಾರುವ ಗುಣ ಹೋಗಿ ಬಾಯಿ ಒರಟು ಅನಿಸ್ತದೆ. ಎಣ್ಣೆಯಲ್ಲಿ ಕಾಯಿಸಿದ ಕಾಣೆ ಜೊತೆಗೆ ಇದು ಎಷ್ಟು ಚಂದ ಕೂತಿತು ಅಂದ್ರೆ ಎರಡನೇ ಪೀಸು ಕೇಳಿ ಹಾಕಿಸ್ಕೊಂಡೆ. ಪುಳಿಮುಂಚಿಗೂ ಅದೇ ಸರಿ ಆಯ್ತು, ಯಾಕಂದ್ರೆ ಹುಳಿ ಪದಾರ್ಥ ತಿಂದಮೇಲೆ ಕಮ್ಮಿ ಹುಳಿಯ ವೈನ್ ಕುಡಿದ್ರೆ ಸಪ್ಪೆ ಅನಿಸ್ತದೆ, ಇದಕ್ಕೆ ತಡೆದುಕೊಳ್ಳುವಷ್ಟು ಹುಳಿ ಇತ್ತು.

ಸಪೆರಾವಿ ಅನ್ನುವ ಕೆಂಪು ವೈನ್ ಮಾತ್ರ ಬಂಗುಡೆ ಜೊತೆ ಕೆಟ್ಟಿತು. ಒಳ್ಳೇ ವೈನ್, ಅದರ ದ್ರಾಕ್ಷಿಯ ತಿರುಳೂ ಕೆಂಪು, ಹೆಸರಿನ ಅರ್ಥವೇ ಬಣ್ಣ ಅಂತ, ಆದ್ರೆ ಒಂದು ಗುಟುಕಿಗೆ ಬಾಯೆಲ್ಲ ಹಳಸಿದ ಮೀನಿನ ವಾಸನೆ. ಮೀನು ಆವತ್ತು ಬೆಳಿಗ್ಗೆ ಬಂದರಿನ ಧಕ್ಕೆಯಿಂದ ಬಂದದ್ದು, ಅಡುಗೆಯವರ ತಪ್ಪು ಏನೂ ಇಲ್ಲ. ಇದನ್ನು ಜಪಾನಿನ ಸಂಶೋಧಕರು 2009ರಲ್ಲಿ ಬಿಡಿಸಿದ್ರು, ವೈನಲ್ಲಿರುವ ಕಬ್ಬಿಣದ ಅಂಶ ಮೀನೆಣ್ಣೆ ಜೊತೆ ಸೇರಿ ಬಾಯಲ್ಲೇ ಆ ವಾಸನೆಯ ವಸ್ತು ಹುಟ್ತದೆ. ಬಂಗುಡೆಯಲ್ಲಿ ಎಣ್ಣೆ ಜಾಸ್ತಿ, ಹಾಗಾಗಿ ಜೋರು. ಮೇಲಿಂದ ಮೆಣಸಿನ ಖಾರ ತಾಗುವ ನರದ ತುದಿಗೇ ಆಲ್ಕೋಹಾಲೂ ತಾಗ್ತದೆ, ಅದೂ ಬಿಸಿ ಅಂತಲೇ ತಿಳಿಸ್ತದೆ, ಉರಿ ಏರಿತು. ಅದೇ ಕೆಂಪನ್ನು ಕೋರಿ ರೊಟ್ಟಿಗೆ ಇಟ್ಕೊಂಡವರು ಖುಷಿಯಲ್ಲಿ ಕುಡಿದ್ರು.

ಏಳುವ ಹೊತ್ತಿಗೆ ಆ ಹುಡುಗನನ್ನು ಕರೆದು ಬಾಟ್ಲಿಯ ಅಡಿಯ ಹರಳು ಎರಡು ಕೈಗೆ ಹಾಕಿದೆ. ಸ್ವಲ್ಪ ಹೊತ್ತು ನೋಡಿದ, ಮತ್ತೆ ನಾಲಗೆಗೆ ಇಟ್ಟ. "ಉಂದು ಪುಳಿ ಮಾರಾಯ್ರೆ" (ಇದು ಹುಳಿ ಮಾರಾಯ್ರೆ) ಅಂತ ತುಳುವಲ್ಲಿ ಹೇಳಿ, ಉಳಿದದ್ದನ್ನು ಅಡುಗೆಯವರಿಗೆ ತೋರಿಸ್ಲಿಕ್ಕೆ ಟಿಶ್ಯೂನಲ್ಲಿ ಕಟ್ಕೊಂಡು ಒಳಗೆ ಹೋದ.