ಲಾಸ್ ರಿಕವರ್ ಮಾಡಿಕೊಂಡು ಆಮೇಲೆ ಮನೆಯಲ್ಲಿ ಹೇಳಲಾ?

ಪ್ರಶ್ನೆ: ಷೇರು ಮಾರ್ಕೆಟ್‌ನ ಆಪ್ಷನ್ ಟ್ರೇಡಿಂಗ್‌ನಲ್ಲಿ ನನ್ನ ಉಳಿತಾಯ ಹೋಯಿತು. 10 ಲಕ್ಷದಲ್ಲಿ 2 ಲಕ್ಷ ಉಳಿದಿದೆ. ಆ ದುಡ್ಡಲ್ಲಿ ಸೈಟ್ ತಗೋತೀನಿ ಅಂತ ಅಪ್ಪ-ಅಮ್ಮ ಕಾಯುತ್ತಿದ್ದಾರೆ. ಸ್ವಲ್ಪ ರಿಕವರ್ ಮಾಡಿಕೊಂಡು ಆಮೇಲೆ ಹೇಳಿದರೆ ಆಗುತ್ತಾ? ಹೇಗೆ ಹೇಳಲಿ?

ಉತ್ತರ: ಆಗಲ್ಲ. ಈ ವಾರವೇ ಹೇಳಿ.

ಮೊತ್ತ, ಊರು ಬದಲಾಗುತ್ತವೆ. ಆದರೆ ಈ ಪ್ರಶ್ನೆ ಕೇಳುವ ಪ್ರತಿಯೊಬ್ಬರ ಪತ್ರದಲ್ಲೂ 'ಸ್ವಲ್ಪ ರಿಕವರ್ ಮಾಡಿಕೊಂಡು' ಅನ್ನುವ ಮಾತು ಇದ್ದೇ ಇರುತ್ತದೆ. ಎಷ್ಟು ಸಲ ಬರೆದರೂ ಈ ನಂಬಿಕೆ ಹೋಗುತ್ತಿಲ್ಲ. ಅದಕ್ಕೇ ಇವತ್ತು ಕೂತು ಲೆಕ್ಕ ಹಾಕೋಣ.

10 ಲಕ್ಷದಲ್ಲಿ 8 ಲಕ್ಷ ಹೋಗಿದೆ, ಅಂದರೆ ಶೇ 80 ನಷ್ಟ. ಉಳಿದ 2 ಲಕ್ಷ ಮತ್ತೆ 10 ಲಕ್ಷ ಆಗಬೇಕಾದರೆ ಶೇ 80 ಲಾಭ ಸಾಲದು, ಶೇ 400 ಬೇಕು. ದುಡ್ಡು ಐದು ಪಟ್ಟಾಗಬೇಕು. ತಿಂಗಳಿಗೆ ಶೇ 5ರಂತೆ, ಒಂದು ತಿಂಗಳೂ ತಪ್ಪದೆ ಗಳಿಸಿದರೂ 33 ತಿಂಗಳು ಹಿಡಿಯುತ್ತದೆ. ಹಾಗೆ ಬಿಡದೆ ಗಳಿಸುವವರು ಎಷ್ಟು ಜನ ಸಿಗುತ್ತಾರೆ? ಇನ್ನೊಂದು ಕಡೆಯಿಂದ ನೋಡಿ. ಸಂಬಳದಲ್ಲಿ ತಿಂಗಳಿಗೆ 25 ಸಾವಿರ ಎತ್ತಿಟ್ಟರೆ 32 ತಿಂಗಳಿಗೆ 8 ಲಕ್ಷ ಆಗುತ್ತದೆ. ಹೆಚ್ಚುಕಮ್ಮಿ ಅದೇ ಸಮಯ, ಅದೂ ನಿದ್ದೆ ಕೆಡಿಸಿಕೊಳ್ಳದೆ. ಅಷ್ಟು ಎತ್ತಿಡಲು ಆಗದಿದ್ದರೆ ಇನ್ನೊಂದೆರಡು ವರ್ಷ ಜಾಸ್ತಿ ಆಗಬಹುದು. ಆದರೆ ದುಡ್ಡು ಬಂದೇ ಬರುತ್ತದೆ.

ಆದರೆ ರಿಕವರಿಗೆ ಇಳಿದವರು ತಿಂಗಳಿಗೆ ಶೇ 5 ಸಾಕು ಅಂತ ಕೂರುವುದಿಲ್ಲ. ಒಂದೇ ದಿನಕ್ಕೆ ಎಲ್ಲಾ ವಾಪಸ್ ಬರಬೇಕು ಅನ್ನಿಸುತ್ತದೆ. ಎಕ್ಸ್‌ಪೈರಿ ದಿನ, ಅಂದರೆ ಆಪ್ಷನ್‌ನ ಅವಧಿ ಮುಗಿಯುವ ದಿನ, ಮಧ್ಯಾಹ್ನ 2 ಗಂಟೆಗೆ 12 ರೂಪಾಯಿಯ ಒಂದು ಕಾಲ್ ಆಪ್ಷನ್ (ಮಾರ್ಕೆಟ್ ಏರುತ್ತದೆ ಅಂತ ಕಟ್ಟುವ ಬಾಜಿ) ಕಣ್ಣಿಗೆ ಬೀಳುತ್ತದೆ. ಇದನ್ನು ಬಿಡಿಯಾಗಿ ಅಲ್ಲ, 65ರ ಕಟ್ಟಿನಲ್ಲಿ ಕೊಳ್ಳಬೇಕು, ಅದೇ ಲಾಟ್. 50 ಲಾಟ್ ಅಂದರೆ 39 ಸಾವಿರ. 60 ರೂಪಾಯಿಗೆ ಹೋದರೆ ಸುಮಾರು 2 ಲಕ್ಷ ಅಂತ ಮನಸ್ಸಲ್ಲೇ ಲೆಕ್ಕ ನಡೆಯುತ್ತದೆ. ಟೆಲಿಗ್ರಾಂ ಗುಂಪಿನಲ್ಲಿ ಇದಕ್ಕೆ 'ಜೀರೋ ಟು ಹೀರೋ' ಅಂತ ಹೆಸರು. ಷೇರುಪೇಟೆಯ ಸೂಚ್ಯಂಕ ನಿಫ್ಟಿ ಸ್ವಲ್ಪ ಏರಿ ಅಲ್ಲೇ ನಿಲ್ಲುತ್ತದೆ. 12 ಇದ್ದದ್ದು 9, ಆಮೇಲೆ 4, ಆಮೇಲೆ 5 ಪೈಸೆ. ಮಾರ್ಕೆಟ್ ನಿಮ್ಮ ವಿರುದ್ಧ ಹೋಗಬೇಕಾಗಿಯೇ ಇಲ್ಲ, ಸುಮ್ನೆ ನಿಂತರೂ ಆಪ್ಷನ್ ಕೊಂಡವನ ದುಡ್ಡು ಗಂಟೆಗಂಟೆಗೂ ಕರಗುತ್ತದೆ. ಇದರ ಮೇಲೆ ಬ್ರೋಕರೇಜ್, ಎಸ್‌ಟಿಟಿ ಅನ್ನುವ ವಹಿವಾಟು ತೆರಿಗೆ, ಜಿಎಸ್‌ಟಿ.

'ನಾನು ಈಗ ಕಲಿತಿದ್ದೀನಿ, ಇನ್ನು ಹಾಗಾಗಲ್ಲ' ಅಂತೀರಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ವರದಿ ನೋಡಿ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್ ಟ್ರೇಡಿಂಗ್) ಮಾಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ 93 ಮಂದಿಗೆ ನಷ್ಟ. ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ಬರೀ ಶೇ 1. ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಅಂಕಿ. ಸತತ ಎರಡು ವರ್ಷ ಕಳೆದುಕೊಂಡವರಲ್ಲೂ ಶೇ 75ಕ್ಕಿಂತ ಹೆಚ್ಚು ಮಂದಿ ಟ್ರೇಡಿಂಗ್ ಬಿಟ್ಟಿರಲಿಲ್ಲ. ಅವರಲ್ಲಿ ಎಷ್ಟೋ ಜನ ನಿಮ್ಮ ಹಾಗೇ ರಿಕವರಿಗೆ ಕಾದಿರುತ್ತಾರೆ, ಅಲ್ವಾ?

ಕಾಯುವಾಗಲೇ ಸಾಲವೂ ಬರುತ್ತದೆ. ಮೊದಲು ಪರ್ಸನಲ್ ಲೋನ್, ಆಮೇಲೆ ಕ್ರೆಡಿಟ್ ಕಾರ್ಡ್, ಆಮೇಲೆ ಲೋನ್ ಆ್ಯಪ್, ಕೊನೆಗೆ ಅಮ್ಮನ ಬಳೆ ಅಡವು. ವಸೂಲಿಯವರು ಮನೆಗೆ ಫೋನ್ ಮಾಡಿದ ದಿನ ಅಪ್ಪನಿಗೆ ಎಲ್ಲಾ ಗೊತ್ತಾಗುತ್ತದೆ, ನಿಮ್ಮ ಬಾಯಿಂದಲ್ಲ.

ಇನ್ನು ಹೇಗೆ ಹೇಳುವುದು ಅನ್ನುವುದು ಇದರಷ್ಟು ಕಷ್ಟವಿಲ್ಲ. ಮೊದಲು ಬ್ರೋಕರ್ ಆ್ಯಪ್‌ನಲ್ಲಿ ಎಫ್ ಅಂಡ್ ಓ ಸೆಗ್ಮೆಂಟ್ ಬಂದ್ ಮಾಡಿ, ಉಳಿದ ದುಡ್ಡನ್ನು ಬ್ಯಾಂಕಿಗೆ ಹಾಕಿಕೊಳ್ಳಿ. ಒಂದು ಹಾಳೆಯಲ್ಲಿ ಹೋದದ್ದೆಷ್ಟು, ಉಳಿದದ್ದೆಷ್ಟು, ಸಾಲ ಯಾರಿಗೆ ಎಷ್ಟು, ಬಡ್ಡಿ ಎಷ್ಟು ಅಂತ ಬರೆಯಿರಿ. ನೆಂಟರಿಲ್ಲದ ದಿನ, ಊಟ ಮುಗಿದ ಮೇಲೆ ಇಬ್ಬರನ್ನೂ ಕೂರಿಸಿಕೊಳ್ಳಿ. 'ಅಪ್ಪಾ, ಷೇರಿನಲ್ಲಿ ಎಂಟು ಲಕ್ಷ ಕಳೆದುಕೊಂಡಿದ್ದೀನಿ. ಸಾಲ ಇಷ್ಟಿದೆ. ಟ್ರೇಡಿಂಗ್ ನಿಲ್ಲಿಸಿದ್ದೀನಿ. ಲೆಕ್ಕ ಇಲ್ಲಿದೆ.' ಇಷ್ಟು ಸಾಕು. ಪೂರ್ತಿ ಮೊತ್ತ ಒಂದೇ ಸಲ ಹೇಳಿ. ಇವತ್ತು ಮೂರು ಲಕ್ಷ ಅಂದು ಮುಂದಿನ ತಿಂಗಳು ಎಂಟು ಅಂದರೆ, ಆಮೇಲೆ ನಿಜ ಹೇಳಿದರೂ ಅವರು ನಂಬುವುದಿಲ್ಲ. ಬೈಯುತ್ತಾರೆ, ಬೈಯಲಿ. ಎದ್ದು ಹೋಗಬೇಡಿ. ರಿಟೈರ್‌ಮೆಂಟ್ ದುಡ್ಡು ಕೊಡ್ತೀನಿ ಅಂತ ಅಪ್ಪ ಅಂದರೆ ಬೇಡ ಅನ್ನಿ. ಅದು ಅವರ ಮುಪ್ಪಿಗೆ ಇಟ್ಟದ್ದು.

ಹೇಳುವ ಮೊದಲೇ ಬದುಕು ಸಾಕು ಅನ್ನಿಸಿದರೆ ಒಬ್ಬರೇ ಇರಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತೇನೆ. ಈ ನಷ್ಟವನ್ನು ಐಟಿ ರಿಟರ್ನ್‌ನಲ್ಲಿ ತೋರಿಸಬೇಕಾ? ಖಂಡಿತ. 'ಲಾಸ್ ತಾನೇ, ಟ್ಯಾಕ್ಸ್ ಏನಿದೆ' ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಎಫ್ ಅಂಡ್ ಓ ನಷ್ಟ ವ್ಯಾಪಾರದ ನಷ್ಟ. ಹಾಗಾಗಿ ಐಟಿಆರ್-1 ಫಾರ್ಮ್ ಆಗಲ್ಲ, ಐಟಿಆರ್-3 ಬೇಕು. ಸಂಬಳದಲ್ಲಿ ಇದನ್ನು ಕಳೆಯಲು ಬರುವುದಿಲ್ಲ, ಆದರೆ ಅದೇ ವರ್ಷದ ಎಫ್‌ಡಿ ಬಡ್ಡಿ, ಬಾಡಿಗೆಯಲ್ಲಿ ಕಳೆಯಬಹುದು. ಗಡುವಿನೊಳಗೆ ರಿಟರ್ನ್ ಹಾಕಿದರೆ ಮಿಕ್ಕ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ದು, ವ್ಯಾಪಾರದ ಲಾಭ ಬಂದಾಗ ಅದರಲ್ಲಿ ಕಳೆಯಬಹುದು. ಷೇರನ್ನು ಅದೇ ದಿನ ಕೊಂಡು ಮಾರುವ ಇಂಟ್ರಾಡೇ ನಷ್ಟದ ಲೆಕ್ಕ ಬೇರೆ, ಅದಕ್ಕೆ 4 ವರ್ಷ ಮಾತ್ರ. ಬ್ರೋಕರ್ ವೆಬ್‌ಸೈಟ್‌ನಲ್ಲಿ ಟ್ಯಾಕ್ಸ್ ಪಿ ಅಂಡ್ ಎಲ್ (ಲಾಭ-ನಷ್ಟದ) ರಿಪೋರ್ಟ್ ಸಿಗುತ್ತದೆ. ಇಳಿಸಿಕೊಂಡು ಆಡಿಟರ್‌ಗೆ ಕೊಡಿ.

ಕೆಲವರು ಅಮ್ಮನ ಹೆಸರಲ್ಲಿ ಡಿಮ್ಯಾಟ್ (ಷೇರು) ಖಾತೆ ತೆರೆದು ಅದರಲ್ಲಿ ಟ್ರೇಡ್ ಮಾಡಿರುತ್ತಾರೆ. ಆಗ ಆ ವ್ಯವಹಾರವೆಲ್ಲಾ ಅಮ್ಮನ ಪ್ಯಾನ್‌ನಲ್ಲೇ ಕೂತಿರುತ್ತದೆ. ಇಲಾಖೆ ಏನಾದರೂ ಕೇಳುವುದಿದ್ದರೆ ಅವರನ್ನೇ ಕೇಳುತ್ತದೆ. ಅಂಥವರು ರಿಟರ್ನ್ ಗಡುವು ಹತ್ತಿರ ಬರುವ ತನಕವೂ ಕಾಯದೆ ಅಮ್ಮನಿಗೆ ಹೇಳಿ, ಜೊತೆಗೇ ಆಡಿಟರ್ ಹತ್ತಿರ ಕರೆದುಕೊಂಡು ಹೋಗಿ.