ಅಂಗಡಿಯ ಜೇನು ಒಗ್ಗುತ್ತದೆ, ಮನೆಯ ಜೇನಿಗೆ ತುಟಿ ಊದುತ್ತದೆ: ಇದು ಅಲರ್ಜಿಯೇ?

ಪ್ರಶ್ನೆ: ನಮ್ಮ ಮನೆ ಉಡುಪಿಯಿಂದ ಸ್ವಲ್ಪ ಒಳಗೆ, ತೋಟದ ನಡುವೆ ಇದೆ. ಹಿತ್ತಲಿನಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿವೆ, ಹಳೆಯ ಮಣ್ಣಿನ ಗೋಡೆಯಲ್ಲಿ ಮುಜಂಟಿ ಎಂಬ ಕೊಂಡಿಯಿಲ್ಲದ ಪುಟ್ಟ ಜೇನೂ ಇದೆ. 14 ವರ್ಷದ ಮಗಳಿಗೆ ಕೆಮ್ಮು ಬಂದಾಗ ಮುಜಂಟಿ ಜೇನು ನೆಕ್ಕಿಸಿದೆವು. ಸ್ವಲ್ಪ ಹೊತ್ತಿನಲ್ಲೇ ತುಟಿ, ನಾಲಗೆ ತುರಿಸತೊಡಗಿ ಮೇಲ್ದುಟಿ ಊದಿಕೊಂಡಿತು, ಕುತ್ತಿಗೆಯ ಸುತ್ತ ದದ್ದು ಎದ್ದಿತು. ಹಿಂದೊಮ್ಮೆಯೂ ಹೀಗೇ ಆಗಿತ್ತು. ಆದರೆ ಅಂಗಡಿಯ ಬಾಟಲಿ ಜೇನು ತಿಂದರೆ ಏನೂ ಆಗುವುದಿಲ್ಲ. ಅತ್ತೆಯವರು, “ಜೇನು ಯಾರಿಗಾದರೂ ಆಗದೇ ಇರುತ್ತದೆಯೇ? ಅದು ಮೈಯ ಉಷ್ಣ. ದಿನಾ ಒಂದೊಂದು ಹನಿ ಕೊಟ್ಟರೆ ಅಭ್ಯಾಸವಾಗುತ್ತದೆ” ಎನ್ನುತ್ತಾರೆ. ಹಾಗೆ ಮಾಡಬಹುದೇ? ಪೆಟ್ಟಿಗೆಗಳನ್ನು ತೆಗೆಸಿಬಿಡಬೇಕೇ?

ಉತ್ತರ: ದಯವಿಟ್ಟು ಹನಿ ಹನಿ ಕೊಟ್ಟು ಅಭ್ಯಾಸ ಮಾಡಿಸಲು ಹೋಗಬೇಡಿ. ನೀವು ಬರೆದಿರುವ ಲಕ್ಷಣಗಳು ಅಲರ್ಜಿಯ ಲಕ್ಷಣಗಳೇ. ತಿಂದ ಕೆಲವೇ ನಿಮಿಷಗಳಲ್ಲಿ ಶುರುವಾಗಿರುವುದು, ತುಟಿಯ ಜೊತೆಗೆ ಚರ್ಮದ ಮೇಲೂ ಕಾಣಿಸಿಕೊಂಡಿರುವುದು, ಅದೇ ಜೇನಿಗೆ ಎರಡನೇ ಸಲವೂ ಮರುಕಳಿಸಿರುವುದು, ಈ ಮೂರೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಅಲರ್ಜಿ ತಜ್ಞರನ್ನು ಕಾಣುವ ತನಕ ಮಗಳಿಗೆ ಯಾವ ಜೇನೂ ಬೇಡ, ಇದುವರೆಗೆ ಒಗ್ಗಿರುವ ಬಾಟಲಿ ಜೇನೂ ಬೇಡ.

ಅತ್ತೆಯವರ ಮಾತಿನಲ್ಲಿ ಒಂದಂಶ ನಿಜ. ಜೇನಿನ ಅಲರ್ಜಿ ಅಪರೂಪ. ನಮ್ಮ ಕರಾವಳಿಯಲ್ಲಿ ಸಿಗಡಿ, ಏಡಿ, ಮರುವಾಯಿ, ಗೇರುಬೀಜ ತಿಂದು ಮೈಯೆಲ್ಲ ದದ್ದು ಎದ್ದವರನ್ನು ಎಲ್ಲರೂ ನೋಡಿರುತ್ತಾರೆ. ಜೇನಿನಿಂದ ಹಾಗಾದವರನ್ನು ನೋಡಿರುವುದಿಲ್ಲ. ಜೇನನ್ನು ಔಷಧವೆಂದೇ ಕಂಡು ಬೆಳೆದ ಹಿರಿಯರಿಗೆ ಅದರ ಮೇಲೆ ಅನುಮಾನ ಬಾರದಿರುವುದು ಸಹಜ. ಆದರೆ ಅಪರೂಪದ ಅಲರ್ಜಿ ಬಂದಾಗ ಸೌಮ್ಯವಾಗಿಯೇ ಇರಬೇಕೆಂದಿಲ್ಲ. ಜೇನಿನಿಂದ ಉಸಿರು ಕಟ್ಟಿ ಪ್ರಜ್ಞೆ ತಪ್ಪುವ ತನಕ ಹೋದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಒಂದು ಜೇನು ಒಗ್ಗಿ ಇನ್ನೊಂದು ಒಗ್ಗದಿರುವುದೇಕೆ? ಈ ಪ್ರಶ್ನೆಯನ್ನು ಬೇರೆ ಬೇರೆ ರೂಪಗಳಲ್ಲಿ ಅನೇಕರು ಕೇಳುತ್ತಾರೆ. ನಿಮ್ಮ ಮಗಳ ವಿಷಯದಲ್ಲಿ ಕೀಲಿಕೈ ಇರುವುದು ಇಲ್ಲೇ ಎಂದು ನನಗನಿಸುತ್ತದೆ.

ಜೇನಿನಲ್ಲಿ ಸುಮಾರು ನೂರಕ್ಕೆ 80 ಭಾಗ ಸಕ್ಕರೆಗಳು, ಉಳಿದದ್ದು ಬಹುಪಾಲು ನೀರು. ಸಕ್ಕರೆಗೆ ಅಲರ್ಜಿ ಆಗುವುದಿಲ್ಲ. ಅಲರ್ಜಿ ಎಬ್ಬಿಸುವುದು ಅದರಲ್ಲಿರುವ ಪ್ರೋಟೀನು. ಅದು ನೂರು ಗ್ರಾಂ ಜೇನಿನಲ್ಲಿ ಅರ್ಧ ಗ್ರಾಮಿಗಿಂತಲೂ ಕಡಿಮೆ. ಅಷ್ಟು ಸ್ವಲ್ಪವೂ ಅಲರ್ಜಿ ಇರುವವರಿಗೆ ಸಾಕಾಗುತ್ತದೆ. ಈ ಪ್ರೋಟೀನು ಎರಡು ಕಡೆಯಿಂದ ಬರುತ್ತದೆ. ಒಂದು, ಹೂವಿನ ಪರಾಗ. ಇನ್ನೊಂದು, ಮಕರಂದವನ್ನು ಜೇನಾಗಿಸುವಾಗ ನೊಣ ತನ್ನ ಗ್ರಂಥಿಗಳಿಂದ ಸೇರಿಸುವ ರಸ. ಕೆಲವರಿಗೆ ಮೊದಲನೆಯದು ಆಗುವುದಿಲ್ಲ, ಕೆಲವರಿಗೆ ಎರಡನೆಯದು, ಕೆಲವರಿಗೆ ಎರಡೂ.

ಈಗ ನಿಮ್ಮ ಮನೆಯ ಜೇನುಗಳನ್ನೇ ನೋಡಿ. ಮುಜಂಟಿ ನೊಣ ಎರಿ ಕಟ್ಟುವುದಿಲ್ಲ; ಮೇಣಕ್ಕೆ ಗಿಡಮರಗಳ ಅಂಟು ಬೆರೆಸಿ ದ್ರಾಕ್ಷಿ ಗೊಂಚಲಿನಂತೆ ಸಣ್ಣ ಸಣ್ಣ ಗುಡಾಣಗಳನ್ನು ಮಾಡುತ್ತದೆ. ಕೆಲವದರಲ್ಲಿ ಜೇನು, ಪಕ್ಕದವುಗಳಲ್ಲಿ ಪರಾಗ. ಮನೆಗಳಲ್ಲಿ ಸಾಮಾನ್ಯವಾಗಿ ಎಲ್ಲವನ್ನೂ ಒಟ್ಟಿಗೆ ಹಿಂಡಿ ಬಟ್ಟೆಯಲ್ಲಿ ಸೋಸುತ್ತಾರೆ. ಹಾಗಾಗಿ ಆ ಹುಳಿಸಿಹಿ ಜೇನಿನಲ್ಲಿ ಪರಾಗವೂ ಅಂಟಿನ ಅಂಶವೂ ಧಾರಾಳವಾಗಿ ಸೇರಿಕೊಳ್ಳುತ್ತವೆ. ಕಾಡಿನಿಂದ ತಂದು ಎರಿಸಹಿತ ಹಿಂಡಿದ ಹೆಜ್ಜೇನಿನ ಕಥೆಯೂ ಇದೇ. ತುಡುವೆ ಪೆಟ್ಟಿಗೆಯ ಜೇನನ್ನು ತಿರುಗಿಸುವ ಯಂತ್ರದಲ್ಲಿ ತೆಗೆಯುವುದರಿಂದ ಪರಾಗ ಕಡಿಮೆ ಬರುತ್ತದೆ, ಆದರೂ ಇದ್ದೇ ಇರುತ್ತದೆ. ದೊಡ್ಡ ಕಂಪನಿಗಳ ಬಾಟಲಿ ಜೇನಾದರೋ ಬಿಸಿ ಮಾಡಿ, ಸೂಕ್ಷ್ಮವಾಗಿ ಸೋಸಿ, ಹಲವು ಊರುಗಳದ್ದನ್ನು ಬೆರೆಸಿ ತುಂಬಿದ್ದು. ಅದನ್ನು ಕೊಡುವ ನೊಣವೂ ಹೆಚ್ಚಾಗಿ ಬೇರೆ ಜಾತಿಯದು, ಹೂವೂ ಬೇರೆ ಸೀಮೆಯದು. ಉತ್ತರ ಭಾರತದ ಸಾಸಿವೆ ಹೊಲಗಳದ್ದೂ ಇರಬಹುದು.

ಹೂವಿನ ಕಾಲವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ತೆಂಗು, ಅಡಿಕೆಗಳ ಹಿಂಗಾರದಿಂದ ನೊಣಗಳು ಯಥೇಚ್ಛ ಪರಾಗ ಹೊರುತ್ತವೆ. ಗದ್ದೆ ಬದುವಿನ ಕಾಂಗ್ರೆಸ್ ಗಿಡ, ಅಂಗಳದ ಚೆಂಡುಹೂ, ಸೇವಂತಿಗೆ, ಬಯಲುಸೀಮೆಯ ಸೂರ್ಯಕಾಂತಿ ಎಲ್ಲವೂ ಒಂದೇ ಸಸ್ಯಕುಟುಂಬದವು. ಜೇನಿನ ಅಲರ್ಜಿಯ ಪ್ರಕರಣಗಳಲ್ಲಿ ಈ ಕುಟುಂಬದ ಪರಾಗದ ಹೆಸರು ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ವ್ಯತಿರಿಕ್ತವಾದ ಒಂದು ಸಂಗತಿ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳಲ್ಲಿದೆ. ಎಲೆ ಉದುರಿ ಹೊಸ ಚಿಗುರು ಬರುವಾಗ, ಸುಮಾರು ಜನವರಿಯಿಂದ ಮಾರ್ಚ್ ತನಕ, ರಬ್ಬರ್ ಮರದ ಎಲೆತೊಟ್ಟಿನ ತುದಿಯ ಗ್ರಂಥಿಗಳಿಂದಲೇ ಸಿಹಿ ರಸ ಒಸರುತ್ತದೆ. ಅದು ಹೂವಿನದಲ್ಲವಾದ್ದರಿಂದ ಆ ಜೇನಿನಲ್ಲಿ ಪರಾಗ ಕಡಿಮೆ. ಪರಾಗದ ಅಲರ್ಜಿ ಇರುವ ಒಬ್ಬರಿಗೆ ಅದು ಒಗ್ಗಿ, ಮಳೆಗಾಲ ಕಳೆದು ಕಾಡುಹೂಗಳಿಂದ ಬಂದ ಜೇನು ಒಗ್ಗದಿರಲು ಸಾಧ್ಯ. ಹಾಗೆಂದು ರಬ್ಬರ್ ಜೇನು ಸುರಕ್ಷಿತವೆಂದು ತಿಳಿಯಬೇಡಿ. ನೊಣದ ಪ್ರೋಟೀನು ಅದರಲ್ಲೂ ಇದೆ, ಅಕ್ಕಪಕ್ಕದ ಗಿಡಗಳಿಗೆ ಹೋಗಿ ಬರುವ ನೊಣವನ್ನು ತಡೆಯುವವರೂ ಇಲ್ಲ.

ನಿಮ್ಮ ಮಗಳಿಗೆ ಬಾಟಲಿ ಜೇನು ಒಗ್ಗಿ ಮುಜಂಟಿ ಒಗ್ಗದಿರುವುದನ್ನು ನೋಡಿದರೆ ಪರಾಗದ ಕಡೆಗೇ ಮೊದಲ ಅನುಮಾನ ಹೋಗುತ್ತದೆ. ಆದರೆ ಇದನ್ನು ನಿಶ್ಚಯಿಸಬೇಕಾದ್ದು ಪರೀಕ್ಷೆಯಿಂದ. ಮನೆಯಲ್ಲಿ ಚಮಚ ಹಿಡಿದು ಒಂದೊಂದೇ ಜೇನು ನೆಕ್ಕಿಸಿ ನೋಡುವುದು ಅಪಾಯದ ಕೆಲಸ. ಇಂದು ತುಟಿ ಊದಿಸಿದ್ದು ನಾಳೆ ಗಂಟಲು ಊದಿಸುವುದಿಲ್ಲ ಎಂದು ಯಾರೂ ಖಾತರಿ ಕೊಡಲಾರರು.

ಜೇನು ತಿಂದು ಆಗುವ ತೊಂದರೆಗಳೆಲ್ಲ ಅಲರ್ಜಿಯಲ್ಲ ಎಂಬುದನ್ನೂ ಹೇಳಬೇಕು. ಹೊಟ್ಟೆ ಉಬ್ಬರ, ವಾಯು, ಭೇದಿ ಮಾತ್ರ ಆಗುತ್ತಿದ್ದರೆ ಅದು ಜೇನಿನಲ್ಲಿ ಹೇರಳವಾಗಿರುವ ಹಣ್ಣುಸಕ್ಕರೆಯನ್ನು, ಅಂದರೆ ಫ್ರಕ್ಟೋಸನ್ನು, ಕರುಳು ಸರಿಯಾಗಿ ಹೀರಿಕೊಳ್ಳದಿರುವುದರಿಂದ ಇರಬಹುದು. ಅದು ಕಿರಿಕಿರಿ, ಪ್ರಾಣಕ್ಕೆ ಕುತ್ತಲ್ಲ. ಇನ್ನು ಕೆಲವರು ದೇವಸ್ಥಾನದಲ್ಲಿ ಪಂಚಾಮೃತ ಸ್ವೀಕರಿಸಿದಾಗ ತುರಿಕೆಯಾಯಿತೆಂದು ಜೇನನ್ನು ದೂರುತ್ತಾರೆ. ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ ಇವೆ, ಕೆಲವೆಡೆ ಬಾಳೆಹಣ್ಣೂ ಇರುತ್ತದೆ. ಹಾಲಿನ ಅಲರ್ಜಿ ಜೇನಿನದಕ್ಕಿಂತ ಎಷ್ಟೋ ಸಾಮಾನ್ಯ. ಚೂರ್ಣವನ್ನು ಜೇನಿನಲ್ಲಿ ಕಲಸಿ ತಿಂದವರು ಚೂರ್ಣದಲ್ಲಿದ್ದ ಮೂಲಿಕೆಗಳನ್ನೂ ಅನುಮಾನಿಸಬೇಕು. ಏನೂ ತಿನ್ನದೆಯೇ ವಾರಗಟ್ಟಲೆ ಪಿತ್ತಗಂಧೆ ಏಳುತ್ತಿದ್ದರೆ ಕಾರಣ ಆಹಾರದಲ್ಲಿ ಇಲ್ಲದಿರುವ ಸಾಧ್ಯತೆಯೇ ಹೆಚ್ಚು.

ತುರ್ತು ಸ್ಥಿತಿಯ ಬಗ್ಗೆ ಬರೆಯುವಾಗ ನನಗೆ ಸೌಮ್ಯವಾಗಿ ಹೇಳಲು ಮನಸ್ಸಾಗುವುದಿಲ್ಲ. ಜೇನು ತಿಂದ ಮೇಲೆ ಧ್ವನಿ ಬದಲಾದರೆ, ಗಂಟಲು ಬಿಗಿದರೆ, ಉಬ್ಬಸ ಬಂದರೆ, ಮತ್ತೆ ಮತ್ತೆ ವಾಂತಿಯಾದರೆ, ತಲೆ ತಿರುಗಿ ಕಣ್ಣು ಕತ್ತಲೆ ಬಂದರೆ ಅದು ಅನಾಫಿಲಾಕ್ಸಿಸ್, ಅಂದರೆ ಇಡೀ ಮೈಯನ್ನು ಆವರಿಸುವ, ಪ್ರಾಣಕ್ಕೇ ಕುತ್ತಾಗುವ ಅಲರ್ಜಿ. ಕೂಡಲೇ 108ಕ್ಕೆ ಕರೆ ಮಾಡಿ, ಅಥವಾ ವಾಹನ ಕೈಯಳತೆಯಲ್ಲಿದ್ದರೆ ತುರ್ತು ಚಿಕಿತ್ಸೆ ಇರುವ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಇದಕ್ಕೆ ಮದ್ದು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಮನೆಯಲ್ಲಿರುವ ಸೆಟಿರಿಜಿನ್ ಮಾತ್ರೆ ತುರಿಕೆ ತಗ್ಗಿಸೀತು, ಉಸಿರಿನ ದಾರಿ ತೆರೆಯಲಾರದು; ಅದನ್ನು ಕೊಟ್ಟು ಅರ್ಧ ಗಂಟೆ ಕಾದು ನೋಡೋಣ ಎನ್ನುವುದರಲ್ಲೇ ಜೀವಗಳು ಹೋಗುತ್ತವೆ. ರೋಗಿಯನ್ನು ಮಲಗಿಸಿ ಕಾಲುಗಳನ್ನು ಸ್ವಲ್ಪ ಎತ್ತರದಲ್ಲಿಡಿ. ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ಒರಗಿ ಕೂರಲು ಬಿಡಿ, ಆದರೆ ಎದ್ದು ನಡೆದಾಡಲು ಬಿಡಬೇಡಿ. ನೀರು, ಮಜ್ಜಿಗೆ, ಕಷಾಯ ಏನನ್ನೂ ಬಾಯಿಗೆ ಹಾಕಬೇಡಿ. ಚುಚ್ಚುಮದ್ದಿನಿಂದ ಸರಿಹೋಯಿತೆಂದು ಒಡನೆಯೇ ಮನೆಗೆ ಹೊರಡುವುದೂ ತಪ್ಪು, ಏಕೆಂದರೆ ಕೆಲವರಿಗೆ ಕೆಲವು ಗಂಟೆಗಳ ಮೇಲೆ ಎರಡನೇ ಸುತ್ತು ಬರುತ್ತದೆ. ಅಸ್ತಮಾ ಇರುವವರಿಗೆ ಅನಾಫಿಲಾಕ್ಸಿಸ್ ತೀವ್ರವಾಗುವ ಅಪಾಯ ಹೆಚ್ಚು. ನಿಮ್ಮ ಮಗಳಿಗೆ ಉಬ್ಬಸದ ತೊಂದರೆ ಇದ್ದರೆ ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಿ.

ತಜ್ಞರನ್ನು ಹುಡುಕಲು ನೀವು ದೂರ ಹೋಗಬೇಕಾಗಿಲ್ಲ. ಮಣಿಪಾಲದಲ್ಲೂ ಮಂಗಳೂರಿನಲ್ಲೂ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಹೋಗುವಾಗ ಮಗಳು ತಿಂದ ಅದೇ ಮುಜಂಟಿ ಜೇನಿನ ಸ್ವಲ್ಪ ಭಾಗವನ್ನೂ ಬಾಟಲಿ ಜೇನನ್ನೂ ಪ್ರತ್ಯೇಕ ಶೀಶೆಗಳಲ್ಲಿ, ಹೆಸರು ಬರೆದು ಒಯ್ಯಿರಿ. ಕೈಯ ಚರ್ಮದ ಮೇಲೆ ಸಣ್ಣದಾಗಿ ಚುಚ್ಚಿ ಮಾಡುವ ಪರೀಕ್ಷೆಯಲ್ಲಿ ತಿಂದ ಜೇನನ್ನೇ ಬಳಸುವುದು ಉಪಯುಕ್ತ, ಏಕೆಂದರೆ ಸಿದ್ಧ ದ್ರಾವಣದಲ್ಲಿ ನಿಮ್ಮ ಹಿತ್ತಲಿನ ಹೂಗಳ ಪರಾಗ ಇರಲಿಕ್ಕಿಲ್ಲ. ರಕ್ತದಲ್ಲಿ ಜೇನಿಗೆ, ಪರಾಗಗಳಿಗೆ ಸಂಬಂಧಿಸಿದ ಐಜಿಇ (ಅಲರ್ಜಿ ಎಬ್ಬಿಸುವ ಪ್ರತಿಕಾಯ) ಪ್ರಮಾಣವನ್ನೂ ನೋಡಬಹುದು. ಚರ್ಮದ ಪರೀಕ್ಷೆಗೆ ಕೆಲವು ದಿನಗಳ ಮೊದಲೇ ಅಲರ್ಜಿ ಮಾತ್ರೆ ನಿಲ್ಲಿಸಬೇಕಾಗುತ್ತದೆ. ಎಷ್ಟು ದಿನವೆಂದು ಕೇಳಿಕೊಂಡೇ ಹೋಗಿ. ಪರೀಕ್ಷೆಯ ಕಾಗದದಲ್ಲಿ ಧನಾತ್ಮಕ ಎಂದು ಬಂದ ಮಾತ್ರಕ್ಕೆ ಅಲರ್ಜಿ ಎಂದಾಗುವುದಿಲ್ಲ. ಏನು ತಿಂದಳು, ಎಷ್ಟು, ಎಷ್ಟು ಹೊತ್ತಿಗೆ ಏನಾಯಿತು ಎಂಬ ನಿಮ್ಮ ವಿವರಣೆಗೆ ಅದು ಹೊಂದಬೇಕು. ಸಂಶಯ ಉಳಿದರೆ ಆಸ್ಪತ್ರೆಯಲ್ಲೇ, ಚುಚ್ಚುಮದ್ದು ಸಿದ್ಧವಿಟ್ಟುಕೊಂಡು, ಅತಿ ಕಡಿಮೆ ಪ್ರಮಾಣದಿಂದ ತಿನ್ನಿಸಿ ನೋಡುತ್ತಾರೆ.

ದಿನಾ ಒಂದು ಹನಿ ಎಂಬ ಸಲಹೆಯ ಹಿಂದೆ ಇನ್ನೊಂದು ಜನಪ್ರಿಯ ನಂಬಿಕೆಯೂ ಸೇರಿಕೊಂಡಿದೆ: ಊರಿನ ಜೇನು ತಿಂದರೆ ಊರಿನ ಪರಾಗದ ಶೀತ, ಸೀನು ವಾಸಿಯಾಗುತ್ತದೆ ಎಂಬುದು. ಸೀನು ತರಿಸುವುದು ಹೆಚ್ಚಾಗಿ ಗಾಳಿಯಲ್ಲಿ ತೇಲುವ ಹುಲ್ಲು, ಕಳೆಗಳ ಹಗುರ ಪರಾಗ. ನೊಣ ಹೊತ್ತು ತರುವುದು ಬಹುಮಟ್ಟಿಗೆ ಹೂಗಳ ಭಾರವಾದ, ಅಂಟು ಪರಾಗ. ಅಷ್ಟಲ್ಲದೆ ನಮ್ಮ ತೇವದ ಹವೆಯಲ್ಲಿ ಸೀನಿಗೆ ಹಾಸಿಗೆಯ ಧೂಳುಹುಳ, ಗೋಡೆಯ ಬೂಸ್ಟು ದೊಡ್ಡ ಕಾರಣಗಳು. ಜೇನಿನಲ್ಲಿರುವ ಪರಾಗ ಯಾವುದು, ಎಷ್ಟು ಎಂಬುದು ಪ್ರತಿ ಶೀಶೆಗೂ ಬದಲಾಗುವುದರಿಂದ ಅದನ್ನು ಅಳತೆಯ ಔಷಧವಾಗಿ ಬಳಸಲು ಬರುವುದಿಲ್ಲ.

ಜೇನಿನ ಅಲರ್ಜಿ ಖಚಿತವಾದರೆ ಅದನ್ನು ಬಿಟ್ಟು ಬದುಕುವುದು ಕಷ್ಟವಲ್ಲ, ಆದರೆ ಅದು ಅಡಗಿರುವ ಜಾಗ ತಿಳಿದಿರಬೇಕು. ಕೆಮ್ಮಿನ ಸಿರಪ್, ಗಂಟಲು ಮಾತ್ರೆ, ಚ್ಯವನಪ್ರಾಶದಂತಹ ಲೇಹ್ಯಗಳು, ಬೇಕರಿಯ ಹನಿ ಕೇಕ್, ಬೆಳಗಿನ ತಿಂಡಿಯ ಸೀರಿಯಲ್ ಪೊಟ್ಟಣ, ಹೋಟೆಲಿನ ಫ್ರೂಟ್ ಸಲಾಡ್ ಇವೆಲ್ಲವನ್ನೂ ಕೇಳಿ, ಓದಿ ತಿನ್ನಬೇಕು. ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಅಲರ್ಜಿಯ ಎಚ್ಚರಿಕೆ ಕಡ್ಡಾಯವಾಗಿರುವ ಪದಾರ್ಥಗಳಲ್ಲಿ ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮುಂತಾದವು ಇವೆ, ಜೇನು ಇಲ್ಲ. ಆದ್ದರಿಂದ ಎಚ್ಚರಿಕೆಯ ಸಾಲನ್ನು ಬಿಟ್ಟು ಪೂರ್ತಿ ಪದಾರ್ಥಗಳ ಪಟ್ಟಿಯನ್ನೇ ಓದಬೇಕು. ಆರೋಗ್ಯದ ಹೆಸರಿನಲ್ಲಿ ಮಾರುವ ರಾಯಲ್ ಜೆಲ್ಲಿ, ಪರಾಗದ ಗುಳಿಗೆಗಳಿಂದ ಸಂಪೂರ್ಣ ದೂರವಿರಿ. ಅಸ್ತಮಾ ಇರುವವರಲ್ಲಿ ರಾಯಲ್ ಜೆಲ್ಲಿ ತೀವ್ರ ಪ್ರತಿಕ್ರಿಯೆ ತಂದದ್ದಿದೆ. ಆಯುರ್ವೇದ ವೈದ್ಯರಿಗೆ ವಿಷಯ ತಿಳಿಸಿದರೆ ಜೇನಿನ ಬದಲು ಬೇರೆ ಅನುಪಾನ ಸೂಚಿಸುತ್ತಾರೆ. ದೇವಸ್ಥಾನದಲ್ಲಿ ಪಂಚಾಮೃತವನ್ನು ಕಣ್ಣಿಗೊತ್ತಿಕೊಂಡು ತಾಯಿಯ ಕೈಗೆ ದಾಟಿಸಿದರೆ ಭಕ್ತಿಗೆ ಕೊರತೆಯಾಗುವುದಿಲ್ಲ. ಶಾಲೆಯಲ್ಲಿ ತರಗತಿಯ ಶಿಕ್ಷಕರಿಗೆ ಒಂದು ಚೀಟಿ ಬರೆದುಕೊಡಿ.

ಅತ್ತೆಯವರಿಗೆ ಇನ್ನೊಂದು ಮಾತು ತಲುಪಿಸಿ, ಇದು ಅಲರ್ಜಿಯದ್ದಲ್ಲ. ಒಂದು ವರ್ಷ ತುಂಬದ ಯಾವ ಮಗುವಿನ ನಾಲಗೆಗೂ ಜೇನು ತಾಗಿಸಬಾರದು, ಚಿನ್ನದಲ್ಲಿ ತೇದ ಶಾಸ್ತ್ರಕ್ಕೂ ಬೇಡ. ಜೇನಿನಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡುತ್ತವೆ. ಮಲಬದ್ಧತೆ, ಕ್ಷೀಣ ಅಳು, ಹಾಲು ಚೀಪಲಾಗದ ನಿತ್ರಾಣ ಅದರ ಚಿಹ್ನೆಗಳು. ಕಾಯಿಸಿದರೂ ಆ ಕಣಗಳು ಸಾಯುವುದಿಲ್ಲ.

ಪೆಟ್ಟಿಗೆಗಳನ್ನು ತೆಗೆಸುವ ಅಗತ್ಯ ನನಗೆ ಸದ್ಯಕ್ಕೆ ಕಾಣುವುದಿಲ್ಲ. ಜೇನು ತಿಂದು ಆಗುವ ಅಲರ್ಜಿ ಬೇರೆ, ನೊಣ ಕಚ್ಚಿ ಆಗುವ ಅಲರ್ಜಿ ಬೇರೆ. ಮೊದಲನೆಯದು ಇದ್ದವರಿಗೆ ಎರಡನೆಯದು ಇರಲೇಬೇಕೆಂದಿಲ್ಲ. ಮಗಳಿಗೆ ಈ ಹಿಂದೆ ತುಡುವೆ ಕಚ್ಚಿದಾಗ ಕಚ್ಚಿದ ಜಾಗ ಮಾತ್ರ ಊದಿತ್ತೇ, ಅಥವಾ ಮೈತುಂಬ ದದ್ದು, ಉಬ್ಬಸ ಬಂದಿತ್ತೇ ಎಂದು ನೆನಪಿಸಿಕೊಂಡು ವೈದ್ಯರಿಗೆ ಹೇಳಿ. ಮೈತುಂಬ ಆಗಿದ್ದರೆ ನೊಣದ ವಿಷದ ಪರೀಕ್ಷೆಯನ್ನೂ ಮಾಡಿಸಬೇಕು, ಆಗ ಪೆಟ್ಟಿಗೆಗಳ ಜಾಗದ ಬಗ್ಗೆ ಬೇರೆಯೇ ಯೋಚನೆ ಬೇಕಾದೀತು. ಅಲ್ಲಿಯ ತನಕ ಜೇನು ತೆಗೆಯುವ ದಿನ ಅವಳು ಹತ್ತಿರ ಇರದಿರಲಿ. ತೆಗೆದವರು ಸಾಬೂನು ಹಾಕಿ ಕೈ ತೊಳೆಯಲಿ, ಜೇನಿನ ಚಮಚವನ್ನು ಅವಳ ಹಾಲಿನ ಲೋಟಕ್ಕೆ ಅದ್ದದಿರಲಿ.