ಪಂದಿ ಕರಿಯ ಪುಡಿ ಕೆಂಡದ ಮೇಲೆ ಕಹಿಯಾಗುವುದೇಕೆ?

ಕೊಡಗಿನ ಮನೆಗಳಲ್ಲಿ ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಹಾಕುವ ಮಸಾಲೆ ಪುಡಿಯ ಬಣ್ಣ ಹೆಚ್ಚುಕಡಿಮೆ ಕಪ್ಪು. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಒಂದಿಷ್ಟು ಮೆಂತ್ಯ ಎಲ್ಲವನ್ನೂ, ಹೊರಗಿನವರು ನೋಡಿದರೆ ಸೀದೇಹೋಯಿತು ಅನ್ನುವಷ್ಟು ಹುರಿದು ಪುಡಿ ಮಾಡುತ್ತಾರೆ. ಕರಿಯಲ್ಲಿ ಬೆಂದಾಗ ಆ ಪುಡಿಯ ರುಚಿಗೆ ಸಾಟಿಯಿಲ್ಲ. ಅದನ್ನೇ ಹಸಿ ಮಾಂಸಕ್ಕೆ ತಿಕ್ಕಿ ಓವನ್ನಿನಲ್ಲೋ ಕೆಂಡದ ಮೇಲೋ ಸುಟ್ಟರೆ ಮಾತ್ರ ಕಹಿ ನಾಲಗೆಗೆ ಅಂಟಿಕೊಳ್ಳುತ್ತದೆ. ತಪ್ಪು ಪುಡಿಯದ್ದೂ ಅಲ್ಲ, ಮಾಂಸದ್ದೂ ಅಲ್ಲ. ಒಂದೇ ಮಸಾಲೆ ಎರಡು ಸಲ ಹುರಿದುಹೋಗಿದೆ.

ಕರಿಯಲ್ಲಿ ನೀರಿದೆ. ನೀರು ಇರುವ ತನಕ ಪಾತ್ರೆಯೊಳಗಿನ ಶಾಖ ಕುದಿಯುವ ಮಟ್ಟ ದಾಟುವುದಿಲ್ಲ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಂತೂ ನೀರು 96 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಹುರಿದ ಪರಿಮಳ ಹುಟ್ಟುವ ರಾಸಾಯನಿಕ ಕ್ರಿಯೆ ಚುರುಕಾಗುವುದು 140 ಡಿಗ್ರಿಯಿಂದ ಮೇಲೆ. ಅಮೈನೋ ಆಮ್ಲಗಳು ಸಕ್ಕರೆಯ ಜತೆ ಸೇರಿ ಕಂದು ಬಣ್ಣ, ನೂರಾರು ಹೊಸ ಪರಿಮಳಗಳನ್ನು ಕೊಡುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮೈಯಾರ್ ಅವರ ಹೆಸರೇ ಅದಕ್ಕೆ ಉಳಿದಿದೆ. ಕರಿಗೆ ಬೇಕಾದ ಅಷ್ಟೂ ಹುರಿದ ಪರಿಮಳವನ್ನು ಬಾಣಲೆಯಲ್ಲೇ ಮುಗಿಸಿಕೊಳ್ಳಬೇಕು, ಆಮೇಲೆ ಅವಕಾಶವಿಲ್ಲ. ಒಣದಾಗಿ ಹಚ್ಚಿದ ಮಸಾಲೆಯ ಕಥೆ ಬೇರೆ. ಮಾಂಸದ ಮೇಲ್ಮೈ ಒಣಗುತ್ತಿದ್ದಂತೆ ಅದರ ಶಾಖ ಕುದಿಯುವ ಮಟ್ಟ ದಾಟಿ ಮೇಲೇರುತ್ತದೆ, ಮಸಾಲೆ ಅಲ್ಲೇ ಇನ್ನೊಮ್ಮೆ ಹುರಿಯುತ್ತದೆ. ಆದ್ದರಿಂದ ‘ಡ್ರೈ ರಬ್’ ಎಂದು ಈಗ ಎಲ್ಲರೂ ಕರೆಯುವ ಈ ಪುಡಿಗೆ ಪಂದಿ ಕರಿಯ ಸಾಮಾನುಗಳೇ ಸಾಕು, ಹುರಿಯುವ ಹದ ಮಾತ್ರ ಎರಡು ಮೆಟ್ಟಿಲು ಕೆಳಗಿರಬೇಕು.

ಮೂರು ಕಿಲೋ ಮಾಂಸಕ್ಕೆ ಸಾಲುವಷ್ಟು ಪುಡಿಗೆ ಕೊತ್ತಂಬರಿ ಬೀಜ 40 ಗ್ರಾಂ, ಕರಿಮೆಣಸು 25 ಗ್ರಾಂ, ಜೀರಿಗೆ 15 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 8 ಗ್ರಾಂ, ಸಾಸಿವೆ 5 ಗ್ರಾಂ, ಚಕ್ಕೆ 3 ಗ್ರಾಂ, ಅರಿಶಿನ ಪುಡಿ 3 ಗ್ರಾಂ, ಮೆಂತ್ಯ 2 ಗ್ರಾಂ, ಲವಂಗ 1 ಗ್ರಾಂ. ಹುರಿದಾಗ ತೇವ ಹೋಗಿ ಸುಮಾರು 95 ಗ್ರಾಂ ಉಳಿಯುತ್ತದೆ. ತೂಕ ಮಾಡಿಯೇ ಹಾಕಿ. ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ 5 ಗ್ರಾಂ ತೂಗಿದರೆ ಅದೇ ಚಮಚದಲ್ಲಿ ಕರಿಮೆಣಸು 8 ಗ್ರಾಂ ದಾಟುತ್ತದೆ. ಚಮಚದ ಲೆಕ್ಕದಲ್ಲಿ ಖಾರ ಪ್ರತಿ ಸಲವೂ ಬೇರೆಯಾಗುವುದು ಅದಕ್ಕೇ. ಪಟ್ಟಿಯಲ್ಲಿ ಉಪ್ಪು ಇಲ್ಲ ಎಂಬುದನ್ನು ಗಮನಿಸಿರಬಹುದು. ಮರೆತದ್ದಲ್ಲ, ಅದರ ವಿಚಾರ ಮುಂದೆ ಬರುತ್ತದೆ.

ಹುರಿಯುವುದು ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಎಣ್ಣೆ ಹಾಕದೆ. ಎಲ್ಲವನ್ನೂ ಒಟ್ಟಿಗೆ ಸುರಿಯಬಾರದು. ಕೊತ್ತಂಬರಿ ಹದಕ್ಕೆ ಬರಲು 6–7 ನಿಮಿಷ ಬೇಕು, ಅಷ್ಟರಲ್ಲಿ ಜೀರಿಗೆ ಸೀದಿರುತ್ತದೆ. ಜೀರಿಗೆಗೆ ಎರಡು ನಿಮಿಷ ಸಾಕು. ಬಣ್ಣ ಒಂದು ಛಾಯೆ ಗಾಢವಾಗಿ, ಘಮ ಮೂಗಿಗೆ ಬಡಿದ ಕೂಡಲೇ ತಟ್ಟೆಗೆ ತೆಗೆಯಿರಿ. ಬಾಣಲೆಯಲ್ಲೇ ಬಿಟ್ಟರೆ ಉರಿ ಆರಿಸಿದ ಮೇಲೂ ಹುರಿಯುತ್ತಲೇ ಇರುತ್ತದೆ. ಮೆಣಸಿನಕಾಯಿಗೆ ಅರ್ಧ ನಿಮಿಷ. ಅದರ ಕೆಂಪು ಬಣ್ಣ ಕೊಡುವ ಕ್ಯಾರೊಟಿನಾಯ್ಡುಗಳು ಹೆಚ್ಚು ಶಾಖಕ್ಕೆ ಕಂದುಗಟ್ಟುತ್ತವೆ. ಮೆಂತ್ಯ ತಿಳಿ ಹೊಂಬಣ್ಣಕ್ಕೆ ಬಂದರೆ ಸಾಕು. ಕೆಂಪಗಾದ ಮೆಂತ್ಯ ಎರಡೇ ಗ್ರಾಂ ಇದ್ದರೂ ಇಡೀ ಪುಡಿಯನ್ನು ಕಹಿ ಮಾಡಬಲ್ಲದು. ಪ್ರಮಾಣವೂ ಅಷ್ಟೆ, ನೂರಕ್ಕೆ ಮೂರು ಗ್ರಾಂ ಮೀರಿಸಬೇಡಿ.

ಕೊತ್ತಂಬರಿಯ ವಿಷಯದಲ್ಲಿ ಒಂದು ಉಪಾಯ ಮಾಡಬಹುದು. ಅದರ ಸುಗಂಧ ತೈಲದ ಬಹುಪಾಲು ಲಿನಲೂಲ್ ಎಂಬ ವಸ್ತು, ಬೀಜ ಜಜ್ಜಿದಾಗ ಬರುವ ಕಿತ್ತಳೆ ಸಿಪ್ಪೆಯಂಥ ಪರಿಮಳ ಅದರದು. ಅದು ಸುಲಭವಾಗಿ ಆವಿಯಾಗುತ್ತದೆ, ಹೆಚ್ಚು ಹುರಿದಷ್ಟೂ ಅದು ಹೋಗಿ ಹುರಿದ ಘಮ ಬರುತ್ತದೆ. ಎರಡೂ ಬೇಕೆಂದರೆ 30 ಗ್ರಾಂ ಬೀಜವನ್ನು ಕಂದು ಬರುವ ತನಕ ಹುರಿದು, ಉಳಿದ 10 ಗ್ರಾಂ ಬರೀ ಬಿಸಿಯಾಗುವಷ್ಟು ಮಾತ್ರ ಹುರಿಯಿರಿ.

ಸಾಸಿವೆಯೊಳಗೆ ಖಾರ ಸಿದ್ಧವಾಗಿ ಕೂತಿರುವುದಿಲ್ಲ. ಸಿನಿಗ್ರಿನ್ ಎಂಬ ವಸ್ತು ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಬೀಜ ಒಡೆದು ನೀರು ತಾಗಿದಾಗ ಎರಡೂ ಸೇರಿ ಮೂಗಿಗೇರುವ ಖಾರ ಹುಟ್ಟುತ್ತದೆ. ಹುರಿದರೆ ಕಿಣ್ವ ಸಾಯುತ್ತದೆ. ಹುರಿದ ಸಾಸಿವೆಯಲ್ಲಿ ಖಾರವಿಲ್ಲದೆ ಬೀಜದ ಎಣ್ಣೆಯ ಸವಿ ಮಾತ್ರ ಉಳಿಯುವುದು ಹೀಗೆ. ಹಸಿ ಸಾಸಿವೆಯನ್ನೇ ಪುಡಿ ಮಾಡಿ ಹಾಕಿದರೆ ಮಾಂಸದ ತೇವ ತಾಗಿ ಹಸಿ ಖಾರದ ಜತೆ ಕಹಿಯೂ ಬರುತ್ತದೆ. ನಮ್ಮ ಕೆಲಸಕ್ಕೆ ಚಟಪಟ ಸಿಡಿಯುವ ತನಕ ಹುರಿದದ್ದೇ ವಾಸಿ.

ಇನ್ನು ಕರಿಮೆಣಸು. ಕಾಫಿ ಕೊಯ್ಲಿನ ಬೆನ್ನಿಗೇ ಮೆಣಸಿನ ಕೊಯ್ಲು ಮಾಡುವ ಈ ಜಿಲ್ಲೆಯಲ್ಲಿ ಹೊಸ ಮೆಣಸು ಸಿಗುವುದೇ ಒಂದು ಭಾಗ್ಯ. ಒಳ್ಳೆಯ ಮೆಣಸನ್ನು ಗುರುತಿಸಲು ಹಿಡಿಯಲ್ಲಿ ತೆಗೆದುಕೊಂಡು ನೋಡಿ. ಕಾಳು ಭಾರವಾಗಿ, ಒಂದೇ ಸಮ ಕಪ್ಪಾಗಿರಬೇಕು, ಬೆರಳಲ್ಲಿ ಒತ್ತಿದರೆ ಪುಡಿಯಾಗಬಾರದು. ಬಿಡಿಸಿದ ಹಸಿ ಮೆಣಸನ್ನು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ ಒಣಗಿಸಿದರೆ ಸಿಪ್ಪೆಯ ಕಿಣ್ವಗಳು ಬೇಗ ಕೆಲಸ ಮಾಡಿ ಬಣ್ಣ ಹೀಗೆ ಸಮನಾಗಿ ಬರುತ್ತದೆ, ಅಂಗಳದ ಧೂಳೂ ಕೆಲವು ಸೂಕ್ಷ್ಮಜೀವಿಗಳೂ ಕಳೆಯುತ್ತವೆ.

ಮೆಣಸಿನ ಖಾರ ಪೈಪರಿನ್‌ನದು, ಅದು ಬೇಯಿಸಿದರೂ ಉಳಿಯುತ್ತದೆ. ಪರಿಮಳ ಮಾತ್ರ ಪೈನೀನ್, ಸ್ಯಾಬಿನೀನ್, ಲಿಮೊನೀನ್‌ಗಳಂಥ ಹಗುರ ತೈಲಗಳದು, ಅವು ಪುಡಿ ಮಾಡಿದ ಕ್ಷಣದಿಂದಲೇ ಹಾರತೊಡಗುತ್ತವೆ. ಕರಿಯ ಪುಡಿಗೆ ಅಷ್ಟೂ ಮೆಣಸನ್ನು ಹುರಿಯುತ್ತಾರೆ. ಇಲ್ಲಿ 10 ಗ್ರಾಂ ಮಾತ್ರ ಹುರಿದು, 15 ಗ್ರಾಂ ಹುರಿಯದೆಯೇ ಒರಳಲ್ಲಿ ಜಜ್ಜಿ ಬೆರೆಸುವುದು ಮೇಲು. ಆದರೆ ಹುರಿಯದ ಮೆಣಸು ಬೆರೆತ ಪುಡಿಯನ್ನು ಬೆಂದ ಮಾಂಸದ ಮೇಲೆ ಉದುರಿಸಬಾರದು. ಅಂಗಳದಲ್ಲಿ ಒಣಗಿದ ಸಾಂಬಾರ ಪದಾರ್ಥಗಳಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಬದುಕಿ ಉಳಿದಿರುವ ಸಾಧ್ಯತೆ ಇದೆ. ಮಾಂಸದ ಜತೆಗೇ ಬೆಂದರೆ ಆ ಭಯವಿಲ್ಲ.

ಹುರಿದ ಸಾಮಾನು ಪೂರ್ತಿ ತಣ್ಣಗಾದ ಮೇಲೇ ಮಿಕ್ಸಿಗೆ ಹಾಕಿ. ಬಿಸಿ ಇರುವಾಗ ಹಾಕಿದರೆ ಜಾರಿನ ಮುಚ್ಚಳಕ್ಕೆ ಹಬೆ ಕಟ್ಟಿ ಪುಡಿಗೇ ಇಳಿಯುತ್ತದೆ, ಗಂಟುಗಳ ಮೊದಲ ಕಾರಣ ಅದೇ. ಹತ್ತು ಸೆಕೆಂಡು ತಿರುಗಿಸಿ, ನಿಲ್ಲಿಸಿ, ಅಲುಗಿಸಿ, ಮತ್ತೆ ತಿರುಗಿಸಿ. ಪುಡಿ ಉಪ್ಪಿಟ್ಟಿನ ರವೆಯ ಹದಕ್ಕಿರಬೇಕು. ನುಣ್ಣಗಾದರೆ ಕಣ ಸಣ್ಣದಾದಷ್ಟೂ ಬೇಗ ಸೀಯುತ್ತದೆ. ತೀರ ತರಿಯಾದರೆ ಕೊತ್ತಂಬರಿಯ ಸಿಪ್ಪೆ ಹಲ್ಲಿಗೆ ಸಿಗುತ್ತದೆ. ರವೆ ಜರಡಿಯಲ್ಲಿ ಆಡಿಸಿ, ಮೇಲೆ ಉಳಿದ ಸಿಪ್ಪೆಯನ್ನು ಇನ್ನೊಂದು ಸುತ್ತು ತಿರುಗಿಸಿ.

ಕೆಲವರು ಇದಕ್ಕೆ ಕಾಫಿ ಪುಡಿಯನ್ನೂ ಸೇರಿಸುತ್ತಾರೆ. ಹಂದಿಯ ಕೊಬ್ಬಿಗೆ ಕಾಫಿಯ ನಯವಾದ ಕಹಿ ಚೆನ್ನಾಗಿಯೇ ಒಪ್ಪುತ್ತದೆ, ನೂರು ಗ್ರಾಂ ಪುಡಿಗೆ 8 ಗ್ರಾಂ ಸಾಕು. ಚಿಕೋರಿ ಬೆರೆಸದ ಶುದ್ಧ ಪುಡಿಯೇ ಆಗಬೇಕು. ಚಿಕೋರಿ ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ. ಬೆಲ್ಲ ಅಥವಾ ಸಕ್ಕರೆ ಓವನ್ನಿಗೆ ಒಂದು ಚಮಚ ಇದ್ದರೆ ಇರಲಿ, ಕೆಂಡಕ್ಕೆ ಬೇಡವೇ ಬೇಡ. ಮಾಂಸ ಬೇಯುವ ಮೊದಲೇ ಅದು ಕರಕಲಾಗುತ್ತದೆ.

ಈಗ ಉಪ್ಪು. ಅದನ್ನು ಡಬ್ಬಿಯ ಪುಡಿಗೆ ಬೆರೆಸಬಾರದು ಎನ್ನಲು ಎರಡು ಕಾರಣಗಳಿವೆ. ಮೊದಲನೆಯದು ಕೊಡಗಿನ ಮಳೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75 ದಾಟಿದರೆ ಶುದ್ಧ ಉಪ್ಪು ಗಾಳಿಯ ನೀರನ್ನೇ ಹೀರಿ ಕರಗತೊಡಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಆರ್ದ್ರತೆ ಅದಕ್ಕಿಂತ ಮೇಲಿರುವ ದಿನಗಳೇ ಹೆಚ್ಚು. ಉಪ್ಪು ಬೆರೆತ ಪುಡಿ ಆಗ ಹಿಟ್ಟಿನ ಮುದ್ದೆಯಾಗುತ್ತದೆ, ಮುದ್ದೆಯಾದಲ್ಲಿ ಪರಿಮಳ ಕೆಡುತ್ತದೆ.

ಎರಡನೆಯ ಕಾರಣ ಮಾಂಸದ ಒಳಗಿನದು. ಉಪ್ಪಿನ ಅಯಾನುಗಳು ಸಣ್ಣವು, ನೀರಿನಲ್ಲಿ ಕರಗುವಂಥವು, ಮಾಂಸದ ಮುಕ್ಕಾಲು ಪಾಲು ನೀರೇ. ಆದ್ದರಿಂದ ಅವು ನಿಧಾನವಾಗಿ ಒಳಕ್ಕೆ ಇಳಿಯುತ್ತವೆ. ಮಸಾಲೆಯ ಪರಿಮಳದ ಅಣುಗಳು ದೊಡ್ಡವು, ಎಣ್ಣೆಯಲ್ಲಿ ಕರಗುವಂಥವು. ರಾತ್ರಿಯಿಡೀ ಬಿಟ್ಟರೂ ಕೆಲವು ಮಿಲಿಮೀಟರ್ ಆಚೆ ಹೋಗುವುದಿಲ್ಲ. ‘ಮಸಾಲೆ ಚೆನ್ನಾಗಿ ಹಿಡಿಯಲಿ’ ಎಂದು ಎರಡು ದಿನ ಇಡುವುದರಲ್ಲಿ ಒಳಕ್ಕೆ ಹೋಗುತ್ತಿರುವುದು ಉಪ್ಪು ಮಾತ್ರ. ಎರಡರ ಕೆಲಸವೂ ಬೇರೆ, ವೇಳೆಯೂ ಬೇರೆ ಅಂದ ಮೇಲೆ ಬೇರೆಬೇರೆಯಾಗಿಯೇ ಹಚ್ಚುವುದು ಸರಿ.

ಒಂದು ಕಿಲೋ ಮಾಂಸಕ್ಕೆ 14 ಗ್ರಾಂ ಉಪ್ಪು. ಭುಜದ ಇಡೀ ತುಂಡಾದರೆ ಹಿಂದಿನ ರಾತ್ರಿಯೇ ಎಲ್ಲ ಬದಿಗೂ ಸವರಿ, ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಮುಚ್ಚದೆ ಇಡಿ. ಎರಡು ಸೆಂಟಿಮೀಟರ್ ದಪ್ಪದ ಚೂರುಗಳಾದರೆ 3–4 ಗಂಟೆ ಸಾಕು. ಅರ್ಧ ಗಂಟೆಯಲ್ಲಿ ಮೇಲೆಲ್ಲ ನೀರೊಡೆಯುತ್ತದೆ, ಅದನ್ನು ಒರೆಸಬೇಡಿ. ಅದು ಉಪ್ಪು ಕರಗಿದ ನೀರು, ಕೆಲವು ಗಂಟೆಗಳಲ್ಲಿ ವಾಪಸು ಒಳಗೇ ಹೋಗುತ್ತದೆ. ಜತೆಗೆ ಉಪ್ಪು ಸ್ನಾಯುವಿನ ಮಯೋಸಿನ್ ಪ್ರೋಟೀನನ್ನು ಸಡಿಲಿಸುವುದರಿಂದ ಬೇಯುವಾಗ ರಸ ಹೆಚ್ಚು ಉಳಿಯುತ್ತದೆ. ಮುಚ್ಚದೆ ಇಡುವುದರಿಂದ ಮೇಲ್ಮೈ ಒಣಗುತ್ತದೆ. ಒದ್ದೆ ಮೇಲ್ಮೈಯಲ್ಲಿ ಮಸಾಲೆ ಜಾರುತ್ತದೆ, ನೀರು ಆರುವ ತನಕ ಬಣ್ಣವೂ ಬರುವುದಿಲ್ಲ. ಕೊಡಗಿನಲ್ಲಿ ಹಂದಿ ಮಾಂಸವನ್ನು ಚರ್ಮ, ಕೊಬ್ಬಿನ ಸಮೇತವೇ ಅಡುಗೆ ಮಾಡುವುದು ರೂಢಿ. ಕೊಬ್ಬಿನಲ್ಲಿ ನೀರು ಕಡಿಮೆ ಇರುವುದರಿಂದ ಉಪ್ಪು ಅದನ್ನು ದಾಟಿ ಬೇಗ ಇಳಿಯದು. ಹರಿತವಾದ ಚೂರಿಯಿಂದ ಒಂದೂವರೆ ಸೆಂಟಿಮೀಟರ್ ಅಂತರದಲ್ಲಿ ಅಡ್ಡಡ್ಡ, ಉದ್ದುದ್ದ ಗೀರು ಹಾಕಿ, ಉಪ್ಪನ್ನು ಗೀರಿನೊಳಗೆ ಒತ್ತಿ. ಚೂರಿ ಮಾಂಸದ ತನಕ ಇಳಿಯಬಾರದು.

ಮಸಾಲೆ ಹಚ್ಚುವುದು ಒಲೆಗೆ ಇಡುವ ಅರ್ಧ ಗಂಟೆ ಮೊದಲು. ಕಿಲೋಗೆ 30 ಗ್ರಾಂ ಪುಡಿ. ಬೇಕಾದಷ್ಟನ್ನು ಒಂದು ಬಟ್ಟಲಿಗೆ ಸುರಿದುಕೊಂಡು ಡಬ್ಬಿಯನ್ನು ಮುಚ್ಚಿಬಿಡಿ. ಹಸಿ ಮಾಂಸ ಮುಟ್ಟಿದ ಕೈಯಾಗಲಿ ಚಮಚವಾಗಲಿ ಡಬ್ಬಿಗೆ ಹೋಗಬಾರದು, ಬಟ್ಟಲಲ್ಲಿ ಮಿಕ್ಕದ್ದನ್ನು ಎಸೆಯಬೇಕು. ತಿಕ್ಕುವುದಕ್ಕಿಂತ ಅಂಗೈಯಿಂದ ಒತ್ತುವುದು ಒಳ್ಳೆಯದು. ದಪ್ಪ ಪದರ ಹಾಕಿದರೆ ಒಳಪದರ ಹಸಿಯಾಗಿ ಉಳಿದು ಸಿಪ್ಪೆಯಂತೆ ಎದ್ದುಬರುತ್ತದೆ. ಕೋಳಿಯ ಎದೆಯಂಥ ಕೊಬ್ಬಿಲ್ಲದ ಮಾಂಸಕ್ಕೆ ಮೊದಲು ಒಂದು ಚಮಚ ಎಣ್ಣೆ ಸವರಿ, ಪರಿಮಳದ ಅಣುಗಳಿಗೆ ಕರಗಲು ಏನಾದರೂ ಬೇಕಲ್ಲ. ಹಂದಿಗೆ ಅದರ ಕೊಬ್ಬೇ ಆ ಕೆಲಸ ಮಾಡುತ್ತದೆ.

ಪುಡಿ ಇಡುವುದು ಗಾಜಿನ ಬಾಟಲಿಯಲ್ಲಿ, ಕತ್ತಲಲ್ಲಿ. ಬೆಳಕು ತಾಗಿದರೆ ಪೈಪರಿನ್ ರೂಪ ಬದಲಿಸಿ ಖಾರ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಎರಡು ತಿಂಗಳು ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಒಂದು ದೊಡ್ಡ ಡಬ್ಬಿಯ ಬದಲು 50 ಗ್ರಾಂನ ಸಣ್ಣ ಬಾಟಲಿಗಳನ್ನು ತುಂಬಿ, ಒಂದೊಂದಾಗಿ ತೆರೆಯಿರಿ. ಫ್ರಿಜ್‌ನಲ್ಲಿಟ್ಟರೆ ಹೊರತೆಗೆದು ಬಾಟಲಿ ಬೆಚ್ಚಗಾದ ಮೇಲೇ ಮುಚ್ಚಳ ಬಿಚ್ಚಿ, ಇಲ್ಲವಾದರೆ ತಣ್ಣನೆ ಪುಡಿಯ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ. ಮುಗ್ಗಲು ವಾಸನೆ ಬಂದ ಪುಡಿಯನ್ನು ಮತ್ತೆ ಹುರಿದು ಸರಿಮಾಡುವ ಅಭ್ಯಾಸ ಹಲವು ಮನೆಗಳಲ್ಲಿದೆ, ದಯವಿಟ್ಟು ಅದನ್ನು ಬಿಡಿ. ಹುರಿದರೆ ಬೂಸ್ಟು ಸಾಯಬಹುದು, ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ವಿಷ ಅಡುಗೆಯ ಶಾಖಕ್ಕೆ ನಾಶವಾಗುವುದಿಲ್ಲ.

ಓವನ್ನಿನಲ್ಲಿ ಒಂದು ಕಿಲೋ ಭುಜದ ತುಂಡಿಗೆ 150 ಡಿಗ್ರಿಯಲ್ಲಿ ಸುಮಾರು ಎರಡೂವರೆ ಗಂಟೆ. ಹಂದಿ ಮಾಂಸದ ಒಳಭಾಗ 71 ಡಿಗ್ರಿ ದಾಟಲೇಬೇಕು, ಲಾಡಿಹುಳುವಿನ ಮರಿಗಳು ಇರಬಹುದೆಂಬ ಕಾರಣಕ್ಕೆ ಇದರಲ್ಲಿ ರಾಜಿಯಿಲ್ಲ. ಭುಜದ ಮಾಂಸದಲ್ಲಿ ನಾರು ಹೆಚ್ಚು, ಅದರ ಕೊಲಾಜೆನ್ ಕರಗಿ ಮೆತ್ತಗಾಗಲು 85–90 ಡಿಗ್ರಿಯ ತನಕ ಬೇಯಿಸಬೇಕಾಗುತ್ತದೆ. ಚುಚ್ಚಿ ನೋಡುವ ಥರ್ಮಾಮೀಟರ್ ಇದ್ದರೆ ಊಹೆ ಮಾಡುವ ಕಷ್ಟವಿಲ್ಲ. ಕೆಂಡದ ಮೇಲೆ ಮಾಡುವುದಾದರೆ ತೆಳು ಚೂರುಗಳೇ ಸರಿ. ಉರಿ ಪೂರ್ತಿ ಇಳಿದು ಕೆಂಡಕ್ಕೆ ಬೂದಿ ಕವಿದ ಮೇಲೆ ಹತ್ತು ಹನ್ನೆರಡು ಸೆಂಟಿಮೀಟರ್ ಎತ್ತರದಲ್ಲಿಡಿ. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೆ ಚೂರುಗಳನ್ನು ಪಕ್ಕಕ್ಕೆ ಸರಿಸಿ. ಆ ಹೊಗೆಯ ಮಸಿಯಲ್ಲಿ ಆರೋಗ್ಯಕ್ಕೆ ಹಾನಿಕರವಾದ ವಸ್ತುಗಳಿವೆ, ರುಚಿಯೂ ಕೆಡುತ್ತದೆ. ಮೊದಲ ಮೂರು ನಾಲ್ಕು ನಿಮಿಷ ಮಗುಚಲು ಹೋಗಬೇಡಿ, ಮಸಾಲೆ ಗಟ್ಟಿಯಾಗುವ ಮೊದಲೇ ಎತ್ತಿದರೆ ಅದು ಸರಳಿಗೆ ಅಂಟಿ ಉಳಿಯುತ್ತದೆ.

ಕಾಚಂಪುಳಿ ಇಲ್ಲದೆ ಕೊಡಗಿನ ಹಂದಿ ಅಡುಗೆ ಪೂರ್ತಿಯಾಗದು. ಹಣ್ಣಿನಿಂದ ಇಳಿದ ರಸವನ್ನು ಕಪ್ಪಾಗಿ ಗಟ್ಟಿಯಾಗುವ ತನಕ ಕಾಯಿಸಿದ ಈ ಹುಳಿಯನ್ನು ಮೊದಲೇ ಮಾಂಸಕ್ಕೆ ಹಚ್ಚಿದರೆ ಮಾತ್ರ ನಷ್ಟ. ಮೇಲ್ಮೈ ಒದ್ದೆಯಾಗುವುದು ಒಂದು, ಆಮ್ಲದಲ್ಲಿ ಮೈಯಾರ್ ಕ್ರಿಯೆ ಮಂದವಾಗಿ ಬಣ್ಣ ಏರದಿರುವುದು ಇನ್ನೊಂದು. ಕರಿಗೂ ಅದನ್ನು ಕೊನೆಯಲ್ಲೇ ಹಾಕುತ್ತಾರೆ, ಇಲ್ಲೂ ಅದೇ ಕ್ರಮ. ಒಂದು ಚಮಚ ಕಾಚಂಪುಳಿಗೆ ಎರಡು ಚಮಚ ನೀರು ಬೆರೆಸಿ, ಇಳಿಸಲು ಐದು ನಿಮಿಷ ಇರುವಾಗ ತೆಳ್ಳಗೆ ಸವರಿ. ಇಳಿಸಿದ ಮೇಲೆ ದೊಡ್ಡ ತುಂಡನ್ನು ಕಾಲು ಗಂಟೆ ಹಾಗೇ ಬಿಟ್ಟು, ನಾರಿಗೆ ಅಡ್ಡಲಾಗಿ ಕೊಯ್ಯಿರಿ. ತಟ್ಟೆಯಲ್ಲಿ ಇಳಿದ ಕೊಬ್ಬು, ರಸವನ್ನು ಚೆಲ್ಲದೆ ಉಳಿದ ಕಾಚಂಪುಳಿ ನೀರಿನ ಜತೆ ಒಂದು ಕುದಿ ಬರಿಸಿದರೆ ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟಿಗೂ ಅಕ್ಕಿ ರೊಟ್ಟಿಗೂ ನೆಂಚಿಕೊಳ್ಳಲು ಆಗುತ್ತದೆ.